ದಮ್ಮಿಯನ್ನು ಭಾನುವಳ್ಳಿಗೆ ಬಿಟ್ಟದ್ದು

ಸರೋಜಾ ಬೆಂಗಳೂರಿನಲ್ಲಿ ವಿಮಾನ ಇಳಿದು ಹೊರಗೆ ಬಂದಾಗ ಮೈದುನ ಅಂಜನ್ ಕಂಬಿಯ ಆಚೆ ನಿಂತಿದ್ದ. ಅವಳು ಎದೆಗೆ ಅವಚಿಕೊಂಡಿದ್ದ ಬಟ್ಟೆಯ ಚೀಲದಲ್ಲಿ ಒಂದು ಪುಟ್ಟ ಮಡಕೆ, ಅದರಲ್ಲಿ ಅವಳ ಗಂಡ ಅಶ್ವಥ್‌ನ ಅಸ್ಥಿ. ಅಂಜನ್ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು, ಅಣ್ಣಾ ಅನ್ನುತ್ತ ಅಲ್ಲೇ ಅಳತೊಡಗಿದ. ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದವರು ತಿರುಗಿ ನೋಡಿದರು. ಸರೋಜಾ ಅವನ ಅಳು ತಗ್ಗುವ ತನಕ ಸುಮ್ಮನೆ ನಿಂತಿದ್ದಳು. ಆಮೇಲೆ ಅಂದಳು:

"ಇನ್ನೂ ಸ್ವಲ್ಪ ತಡ ಆಗ್ತೈತೆ ಅಂಜನ್. ಕಾರ್ಗೋ ಕಡೆ ಹೋಗಿ ನಾಯಿ ಬಿಡಿಸ್ಕೊಂಡು ಬರಬೇಕು."

ನಾಯಿಯ ವಿಷಯ ಅವಳು ಫೋನಿನಲ್ಲಿ ಒಮ್ಮೆ ಹೇಳಿದ್ದಳು. ದುಃಖದಲ್ಲಿ ಏನೋ ಅನ್ನುತ್ತಿದ್ದಾಳೆ ಎಂದುಕೊಂಡು ಅಂಜನ್ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವಳ ಹಿಂದೆ ನಡೆದ. ಕಾರ್ಗೋ ಕಟ್ಟಡದಲ್ಲಿ ಕಾಗದ ನೋಡುವವರು, ನಾಯಿಯ ಬಾಯಿ, ಕಣ್ಣು ನೋಡುವವರು, ಸಹಿ ಹಾಕಿಸುವವರು ಎಲ್ಲ ಮುಗಿದ ಮೇಲೆ ಒಬ್ಬ ಆಳು ಪ್ಲಾಸ್ಟಿಕ್ ಪಂಜರವನ್ನು ತಳ್ಳುಗಾಡಿಯಲ್ಲಿ ತಂದು ಬಿಟ್ಟ. ಒಳಗೆ ಒಂದು ಕರಿ ಹೆಣ್ಣು ನಾಯಿ, ಎದೆಯ ಮೇಲೆ ಹಿಡಿಯಷ್ಟು ಬಿಳಿ. ಎಡಗಿವಿಯ ತುದಿ ಕತ್ತರಿಸಿದ್ದರು, ಸಂತಾನಹರಣ ಮಾಡಿದ ನಾಯಿಗಳಿಗೆ ನಮ್ಮ ಪಾಲಿಕೆಯವರು ಮಾಡುವ ಹಾಗೆಯೇ. ಅದು ಬೊಗಳಲಿಲ್ಲ. ಅಂಜನ್‌ನನ್ನು ಒಮ್ಮೆ ಮೂಸಿ ಮುಖ ತಿರುಗಿಸಿತು.

ಹೆದ್ದಾರಿಯಲ್ಲಿ ತುಮಕೂರು ದಾಟಿದ ಮೇಲೆ ಅಂಜನ್ ಕೇಳಿದ, "ಅತ್ತಿಗೆ, ಇದು ಯಾವ ಜಾತಿ?"

"ಜಾತಿ ಗೀತಿ ಏನಿಲ್ಲ. ಬೀದಿ ನಾಯಿ."

"ಬೀದಿ ನಾಯಿ ನಮ್ಮೂರಾಗೆ ಕಡಿಮೆ ಅದಾವಾ?"

ಸರೋಜಾ ಕಿಟಕಿಯ ಆಚೆ ನೋಡುತ್ತಿದ್ದಳು. ಅಂಜನ್ ಮತ್ತೆ ಕೇಳಲಿಲ್ಲ. ದಾವಣಗೆರೆ ಮುಟ್ಟುವ ತನಕ ಹಿಂದಿನ ಸೀಟಿನಿಂದ ನಾಯಿಯ ಉಸಿರು ಮಾತ್ರ ಕೇಳುತ್ತಿತ್ತು.

ಅಶ್ವಥ್ ಮತ್ತು ಸರೋಜಾ ನಾಲ್ಕು ವರ್ಷದ ಹಿಂದೆ ಥಾಯ್ಲೆಂಡಿಗೆ ಹೋದವರು. ಫುಕೆಟ್‌ನಿಂದ ದೋಣಿಯಲ್ಲಿ ಹೋಗಬೇಕಾದ ಒಂದು ಸಣ್ಣ ದ್ವೀಪ. ರಜೆಗೆ ಬರುವ ಇಂಡಿಯಾದ ಜನಕ್ಕೆಂದು ಅಲ್ಲೊಂದು ಹೋಟೆಲು ತೆರೆದಿದ್ದರು. ಅಶ್ವಥ್ ದೋಸೆ ಹಂಚಿನ ಮುಂದೆ, ಸರೋಜಾ ಒಳಗೆ ಪಲ್ಯ, ಸಾರು, ಚಟ್ನಿಗೆ. ಮಕ್ಕಳಿರಲಿಲ್ಲ. ಎಲ್ಲಿದ್ದರೂ ಒಂದೇ ಅಂದುಕೊಂಡು ಹೋಗಿದ್ದರು, ಹೋದಲ್ಲಿ ಹೊಂದಿಕೊಂಡಿದ್ದರು.

ಆ ದ್ವೀಪದಲ್ಲಿ ಜನಕ್ಕಿಂತ ನಾಯಿ ಜಾಸ್ತಿ ಎಂದು ಅಶ್ವಥ್ ಹೇಳುತ್ತಿದ್ದ. ಪ್ರವಾಸಿಗರು ಬರುವ ತಿಂಗಳಲ್ಲಿ ಅವು ಮೀನು, ಕೋಳಿ ತಿಂದು ಕೊಬ್ಬುತ್ತಿದ್ದವು, ಮಳೆ ಹಿಡಿದು ದೋಣಿ ನಿಂತಾಗ ಎಲುಬು ಎದ್ದು ಕಾಣುತ್ತಿದ್ದವು. ನೋಯ್ ಎಂಬ ಥಾಯ್ ಹೆಂಗಸು ಒಂದು ನಾಯಿಮನೆ ನಡೆಸುತ್ತಿದ್ದಳು. ಬೀದಿಯಿಂದ ಹಿಡಿದು ತಂದು, ಚುಚ್ಚುಮದ್ದು ಹಾಕಿಸಿ, ಗಾಯ ವಾಸಿ ಮಾಡಿ, ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಜರ್ಮನಿ, ಇಂಗ್ಲೆಂಡ್, ಸ್ವೀಡನ್ ಕಡೆಯ ಜನ ಅವನ್ನು ದತ್ತು ತಗೊಳ್ಳುತ್ತಿದ್ದರು. ಆ ಕಡೆ ಹೊರಟ ಪ್ರವಾಸಿಗರೇ ತಮ್ಮ ಜೊತೆ ವಿಮಾನದಲ್ಲಿ ಕರೆದುಕೊಂಡು ಹೋಗಿ ಮುಟ್ಟಿಸುತ್ತಿದ್ದರು. ಮಧ್ಯಾಹ್ನ ಹೋಟೆಲು ಮುಚ್ಚಿದ ಹೊತ್ತಿನಲ್ಲಿ ಅಶ್ವಥ್ ಅಲ್ಲಿಗೆ ಹೋಗಿ ನಾಯಿಗಳ ಮೈ ತೊಳೆಯುವುದು, ಉಳಿದ ಅನ್ನ ಹಾಕುವುದು ಮಾಡುತ್ತಿದ್ದ.

"ನಮಗೆ ವೀಸಾ ಕೊಡದಿರೋ ದೇಶಕ್ಕೆ ನಾಯಿಗಳು ಹೆಂಗೆ ಹೋಗ್ತಾವೆ ನೋಡೇ," ಎಂದು ನಗುತ್ತಿದ್ದ.

ಈ ಕರಿ ನಾಯಿಯನ್ನು ಅಲ್ಲಿಯವರು ದಮ್ ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಹಾಗಂದರೆ ಕಪ್ಪು. ಅಶ್ವಥ್ ಅದನ್ನು ದಮ್ಮಿ ಮಾಡಿದ. ಅದು ನಾಯಿಮನೆಯಲ್ಲಿ ಮಲಗುತ್ತಿತ್ತು, ಆದರೆ ಬೆಳಗಾದರೆ ಹೋಟೆಲಿನ ಹಿಂದೆ ಬಂದು ಕೂರುತ್ತಿತ್ತು. ಜರ್ಮನಿಯ ಗಂಡ ಹೆಂಡತಿ ಅದನ್ನು ಮೆಚ್ಚಿದ್ದರು. ಕಾಗದಪತ್ರ ಆಗುತ್ತಿತ್ತು. ಅದು ಹೋಗುತ್ತದಲ್ಲ ಎಂದು ಅಶ್ವಥ್ ಒಂದು ವಾರ ಮುಖ ಸಪ್ಪಗೆ ಮಾಡಿಕೊಂಡಿದ್ದ. ಅಷ್ಟರಲ್ಲಿ ಅವನೇ ಹೋದ. ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ, ಸಮುದ್ರದ ದಂಡೆಯಲ್ಲಿ ನಾಯಿಗಳಿಗೆ ಅನ್ನ ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಬಿದ್ದ. ಅಷ್ಟನ್ನು ಸರೋಜಾ ಎಲ್ಲರಿಗೂ ಹೇಳಿದ್ದಳು.

ಅಲ್ಲಿನ ಬೌದ್ಧ ಗುಡಿಯ ಹಿತ್ತಲಲ್ಲಿ ದಹನವಾಯಿತು. ಆಮೇಲೆ ಜರ್ಮನಿಯವರು ದಮ್ಮಿ ಬೇಡ ಎಂದರು. ಅದು ಒಬ್ಬನನ್ನು ಕಚ್ಚಿತ್ತು, ಕಚ್ಚಿದ ನಾಯಿಯನ್ನು ಯಾರೂ ಕೇಳುವುದಿಲ್ಲ, ಇನ್ನು ಅದು ಪಂಜರದಲ್ಲೇ ಮುದಿಯಾಗಬೇಕು ಎಂದು ನೋಯ್ ಹೇಳಿದಳು. ಸರೋಜಾ ಪಂಜರದ ಮುಂದೆ ನಿಂತಿದ್ದಳು. "ನಾನು ಕರ್ಕೊಂಡು ಹೋಗ್ತೀನಿ," ಎಂದು ತನ್ನ ಬಾಯಿಂದ ಬಂದದ್ದು ಅವಳಿಗೆ ಕೇಳಿಸಿತು. ವರ್ಷಗಟ್ಟಲೆ ಹೊರದೇಶದಲ್ಲಿದ್ದು ಮನೆಗೆ ಮರಳುವವರು ಸಾಕಿದ ನಾಯಿ ತರಬಹುದಂತೆ. ನೋಯ್ ಎಲ್ಲವನ್ನೂ ತಾನೇ ಓಡಾಡಿ ಮಾಡಿಸಿದಳು. ಅವಳು ಕಳಿಸಿದ ಎಷ್ಟೋ ನಾಯಿಗಳಲ್ಲಿ ಇಂಡಿಯಾಕ್ಕೆ ಬಂದದ್ದು ಇದೊಂದೇ.

ಅಂಜನ್‌ನ ಮನೆ ದೇವರಾಜ ಅರಸು ಬಡಾವಣೆಯಲ್ಲಿ. ಅವನಿಗೆ ಪಿ.ಬಿ. ರಸ್ತೆಯಲ್ಲಿ ಟೈರ್ ಅಂಗಡಿ. ಹೆಂಡತಿ ಆಶಾ ಅಂಗನವಾಡಿಯಲ್ಲಿ ಕಲಿಸುತ್ತಿದ್ದಳು. ತಾಯಿ ಉಡಚಮ್ಮ ಅವರ ಜೊತೆಗೇ ಇದ್ದಳು. ಸರೋಜಾಗೆ ಮೇಲಿನ ಕೋಣೆ ಕೊಟ್ಟರು. ನಾಯಿಗೆ ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿದರು.

ಬಂದ ದಿನ ನೆಂಟರೆಲ್ಲ ಸೇರಿದ್ದರು. ಸರೋಜಾ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಹೆಂಗಸರು ಅವಳನ್ನು ತಬ್ಬಿಕೊಂಡು ಗೋಳೋ ಎಂದರು. ಉಡಚಮ್ಮ ಎದೆ ಬಡಿದುಕೊಂಡಳು. ಎಲ್ಲರ ನಡುವೆ ಸರೋಜಾ ಕಂಬದ ಹಾಗೆ ನಿಂತಿದ್ದಳು. ತನ್ನ ಹೆಗಲು ಒದ್ದೆಯಾಗುತ್ತಿರುವುದು, ಯಾರದೋ ಮುಡಿಯ ಎಣ್ಣೆಯ ವಾಸನೆ, ಒಳಗೆ ಕುಕ್ಕರ್ ಕೂಗುತ್ತಿರುವುದು ಎಲ್ಲ ಗೊತ್ತಾಗುತ್ತಿತ್ತು. ಅಳು ಮಾತ್ರ ಬರಲಿಲ್ಲ.

"ಅಕ್ಕ, ಅತ್ತುಬಿಡ್ರಿ," ಎಂದು ಆಶಾ ಆಮೇಲೆ ಮೆಲ್ಲಗೆ ಹೇಳಿದಳು. "ಒಳಗೇ ಇಟ್ಕೋಬ್ಯಾಡ್ರಿ."

"ಒಳಗೂ ಏನಿಲ್ಲ ಆಶಾ," ಎಂದಳು ಸರೋಜಾ. ಅದು ನಿಜವೇ ಆಗಿತ್ತು.

ಹರಿಹರದಲ್ಲಿ ಅಸ್ಥಿ ಬಿಟ್ಟರು. ಆಗಸ್ಟ್ ತಿಂಗಳು, ತುಂಗಭದ್ರೆ ಕೆಂಪಗೆ ಮೆಟ್ಟಿಲ ಮೇಲಕ್ಕೆ ಬಂದಿತ್ತು. ಅಂಜನ್ ಮಡಕೆ ಹಿಡಿದು ಸೊಂಟದ ತನಕ ಇಳಿದ. ಪೂಜಾರಿ ಹೇಳಿದಂತೆ ಸರೋಜಾ ಮೂರು ಬೊಗಸೆ ನೀರು ಬಿಟ್ಟಳು. ಮಡಕೆ ಸ್ವಲ್ಪ ದೂರ ತೇಲಿ, ವಾಲಿ, ಮುಳುಗಿತು. ಅಲ್ಲಿನ ಸಮುದ್ರ ನೀಲಿ, ಇಲ್ಲಿಯ ನೀರು ಮಣ್ಣಿನ ಬಣ್ಣ, ಅವಳ ತಲೆಯಲ್ಲಿ ಬಂದದ್ದು ಅಷ್ಟೇ. ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಯಾರೋ ನೆಂಟರಾಕೆ, "ಒಂದು ಹನಿ ಕಣ್ಣೀರು ಇಲ್ಲ ನೋಡು," ಎಂದು ಪಿಸುಗುಟ್ಟಿದ್ದು ಕೇಳಿಸಿತು. ಸರೋಜಾಗೆ ಸಿಟ್ಟೂ ಬರಲಿಲ್ಲ.

ದಿನಗಳು ಹೋದವು. ಅವಳು ಏಳುತ್ತಿದ್ದಳು, ಅಂಗಳ ಗುಡಿಸುತ್ತಿದ್ದಳು, ಆಶಾಗೆ ರೊಟ್ಟಿ ತಟ್ಟಿಕೊಡುತ್ತಿದ್ದಳು. ಬಡಿಸಿದರೆ ಉಣ್ಣುತ್ತಿದ್ದಳು, ಇಲ್ಲದಿದ್ದರೆ ಕೇಳುತ್ತಿರಲಿಲ್ಲ. ಸಂಜೆ ನಾಯಿಗೆ ಹಗ್ಗ ಹಾಕಿ ಬಡಾವಣೆಯ ಸುತ್ತ ಒಂದು ಸುತ್ತು ಹಾಕುತ್ತಿದ್ದಳು. ದಮ್ಮಿ ಅವಳ ಹಾಗೆಯೇ ಇತ್ತು. ಬೀದಿಯ ನಾಯಿಗಳು ಗುಂಪು ಕಟ್ಟಿಕೊಂಡು ಬಂದು ಬೊಗಳಿದರೆ ನಿಂತು ನೋಡುತ್ತಿತ್ತು. ಅವಕ್ಕೆ ಬೇಸರವಾಗಿ ಹೋದ ಮೇಲೆ ಮುಂದೆ ನಡೆಯುತ್ತಿತ್ತು. ಗೇಟಿನ ಹೊರಗೆ ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ.

"ಇದಕ್ಕೆ ಕಿವಿ ಕೇಳ್ತೈತೋ ಇಲ್ಲೋ," ಎಂದ ಅಂಜನ್.

ಒಂದು ಬೆಳಗ್ಗೆ ಉಡಚಮ್ಮ ಅಂಗಳದಲ್ಲಿ ಕೂತು ಶೇಂಗಾಕಾಯಿ ಸುಲಿಯುತ್ತಿದ್ದಳು. ಕೈಗೆ ಬಂದ ಹುಳುಕು ಕಾಯೊಂದನ್ನು ಆಚೆ ಎಸೆದು, ಯಾಕೋ ನಾಯಿಯ ಕಡೆ ನೋಡಿ, "ಏ, ಬಾರೇ ಇಲ್ಲಿ. ಯಾಕ ಹಂಗ ಬಿದ್ದೀಯ?" ಎಂದಳು.

ದಮ್ಮಿ ಕಿವಿ ನೆಟ್ಟಗೆ ಮಾಡಿತು. ಎದ್ದು ಬಂದು ಅವಳ ಮುಂದೆ ನಿಂತಿತು.

ಉಡಚಮ್ಮನಿಗೆ ಗಾಬರಿಯಾಯಿತು. "ಕುಂದ್ರು," ಎಂದಳು. ಕೂತಿತು.

"ಸರೋಜೀ," ಎಂದು ಕೂಗಿದಳು. "ಇದಕ್ಕೆ ಕನ್ನಡ ಬರ್ತೈತೇನೇ?"

ಸರೋಜಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. "ನಿಮ್ಮ ಮಗ ಅದರ ಜೊತೆ ಬರೇ ಕನ್ನಡದಾಗೇ ಮಾತಾಡ್ತಿದ್ರು ಅತ್ತೆ. ನಿಮ್ಮಂಗೇ ಮಾತಾಡ್ತಿದ್ರಲ್ಲ, ಏ ಬಾರೇ ಅಂತ."

ಉಡಚಮ್ಮ ಶೇಂಗಾದ ಮೊರ ಪಕ್ಕಕ್ಕಿಟ್ಟು ನಾಯಿಯನ್ನು ನೋಡುತ್ತ ಕೂತಳು. ಮುಟ್ಟಲಿಲ್ಲ. ಆದರೆ ಅವತ್ತಿನಿಂದ ಅದಕ್ಕೆ ಹಾಲು ಅನ್ನ ಹಾಕುವುದು ಅವಳ ಕೆಲಸವಾಯಿತು. ಹಾಕುವಾಗ ಏನಾದರೂ ಮಾತಾಡುತ್ತಿದ್ದಳು. ಇವತ್ತು ಮೋಡ ಐತೆ ನೋಡು, ಇವತ್ತು ಆಶಾ ಸಾರಿಗೆ ಉಪ್ಪು ಜಾಸ್ತಿ ಹಾಕ್ಯಾಳ, ಹೀಗೆ. ನಾಯಿ ತಲೆ ಓರೆ ಮಾಡಿ ಕೇಳುತ್ತಿತ್ತು.

ಫಾರಿನ್ ನಾಯಿ ಬಂದೈತಂತೆ ಎಂಬ ಸುದ್ದಿ ಬಡಾವಣೆಯಲ್ಲಿ ಹಬ್ಬಿತು. ಸೈಟು ವ್ಯಾಪಾರ ಮಾಡುವ ನಿಂಗರಾಜು ಎಂಬಾತ ಕಾರಿನಲ್ಲಿ ಬಂದು, ಅಂಜನ್‌ನನ್ನು ಕರೆದು, "ನಿಮಗೆ ನೋಡ್ಕೊಳ್ಳಾಕೆ ತ್ರಾಸ ಆದ್ರೆ ನಮಗೆ ಕೊಡ್ರಿ, ತೋಟದ ಮನೆಯಾಗೆ ಎಸಿ ರೂಮಿನಾಗೇ ಇಡ್ತೀವಿ," ಎಂದ. ಅಂಜನ್ ಮೆಟ್ಟಿಲ ಕೆಳಗೆ ಕೈ ತೋರಿಸಿದ. ನಿಂಗರಾಜು ಬಗ್ಗಿ ನೋಡಿದ. ನಾಯಿಯ ಹಿಂದೆ ಇನ್ನೊಂದು ನಾಯಿ ಇರಬಹುದೇನೋ ಎಂಬಂತೆ ಇಣುಕಿದ.

"ಇದಾ?"

"ಇದೇ."

"ಇದು ನಮ್ಮ ಬಸ್ ಸ್ಟ್ಯಾಂಡಿನಾಗೆ ಮಲಗಿರ್ತಾವಲ್ರಿ, ಹಂಗೇ ಐತಲ್ಲ!" ಎಂದು ಅವನು ಕಾರು ಹತ್ತಿದ. ಆಶಾ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ತಾನೂ ನಗಬೇಕಿತ್ತು ಎಂದು ಸರೋಜಾಗೆ ಅನ್ನಿಸಿತು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ಊಟವಾಗಿತ್ತು. ಅಂಜನ್ ಚಾಪೆಯ ಮೇಲೆ ಅಡ್ಡಾಗಿದ್ದ. ಉಡಚಮ್ಮ ಎಲೆಗೆ ಸುಣ್ಣ ಹಚ್ಚುತ್ತ, ಎಷ್ಟೋ ದಿನದಿಂದ ಬಾಯಲ್ಲಿದ್ದದ್ದನ್ನು ಕೇಳಿದಳು.

"ಕಡೇ ಗಳಿಗ್ಯಾಗೆ ಅವನ ಹತ್ರ ಯಾರಿದ್ರೇ ಸರೋಜೀ? ಯಾರಾದ್ರೂ ಬಾಯಿಗೆ ನೀರು ಬಿಟ್ರಾ?"

"ಯಾರೂ ಬಿಡಲಿಲ್ಲ ಅತ್ತೆ. ನಾಯಿ ಇತ್ತು."

"ನಾಯಿ ಅಂದ್ರೆ?"

"ದಮ್ಮಿ. ಅದು ಯಾರನ್ನೂ ಹತ್ರ ಬಿಡಲಿಲ್ಲ."

ಅಂಜನ್ ಎದ್ದು ಕೂತ. ಸರೋಜಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಕೆಲಸ ನಿಲ್ಲಿಸದೆ, ಹಾಲಿನವನ ಲೆಕ್ಕ ಹೇಳುವ ದನಿಯಲ್ಲಿ ಹೇಳಿದಳು. ಬೆಳಗ್ಗೆ ಅವರು ಅನ್ನದ ಪಾತ್ರೆ ತಗೊಂಡು ಹೋಗಿದ್ದರು. ಬಿದ್ದದ್ದನ್ನು ದೋಣಿಯವರು ದೂರದಿಂದ ನೋಡಿ ಓಡಿ ಬಂದರು. ದಮ್ಮಿ ಬಿದ್ದವರ ಎದೆಯ ಮೇಲೆ ಮುಂಗಾಲಿಟ್ಟು ನಿಂತುಬಿಟ್ಟಿತ್ತು. ಹತ್ತಿರ ಹೋದ ಒಬ್ಬನ ಕೈ ಕಚ್ಚಿತು. ಪ್ರವಾಸಕ್ಕೆ ಬಂದಿದ್ದವರಲ್ಲಿ ಒಬ್ಬಳು ನರ್ಸ್ ಇದ್ದಳಂತೆ. ಎದೆ ಒತ್ತಿದರೆ ಉಳಿಯಬಹುದು ಬಿಡಿ ಬಿಡಿ ಎಂದು ಕೂಗುತ್ತಿದ್ದಳಂತೆ. ಅವಳನ್ನೂ ಬಿಡಲಿಲ್ಲ. ಕೋಲು ತಂದರು, ಬಲೆ ತರಲು ಓಡಿದರು. ಒಬ್ಬ ಹೋಟೆಲಿಗೆ ಬಂದು ನನ್ನನ್ನು ಕರೆದ. ನಾನು ಹೋಗಿ, ದಮ್ಮೀ ಈ ಕಡೆ ಬಾ ಅಂದೆ. ಬಂತು. ಆಮೇಲೆ ನರ್ಸ್ ಒತ್ತಿದಳು. ಏನೂ ಆಗಲಿಲ್ಲ.

"ಡಾಕ್ಟ್ರು ಏನಂದ್ರು?" ಎಂದಳು ಆಶಾ. ಅವಳ ದನಿ ಸಣ್ಣಗಾಗಿತ್ತು.

"ಬೇಗ ಒತ್ತಿದ್ರೆ ಉಳೀತಿದ್ರೇನೋ ಅಂದ್ರು. ಬಿದ್ದ ಕೂಡ್ಲೇ ಹೋಗಿರಬಹುದು, ಅದೂ ಇರಬಹುದು ಅಂದ್ರು. ಗೊತ್ತಾಗಲ್ಲ ಅಂದ್ರು."

ಅಂಜನ್ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು. "ಇದು ಗೊತ್ತಿದ್ದೂ ಆ ನಾಯೀನ ಕರ್ಕೊಂಡು ಬಂದ್ರಾ ಅತ್ತಿಗೆ? ಅಣ್ಣನ್ನ ಸಾಯಿಸಿದ ನಾಯೀನಾ? ನಾನು ಅದರ ಪಂಜರ ಹೊತ್ಕೊಂಡು ಬಂದೆ. ನಮ್ಮವ್ವನ ಕೈಯಾಗೆ ಅದಕ್ಕೆ ಹಾಲು ಹಾಕಿಸಿದ್ರಿ."

"ಹೂಂ," ಎಂದಳು ಸರೋಜಾ.

"ಯಾಕ್ರೀ? ಯಾಕ?"

"ನನಗೂ ಗೊತ್ತಿಲ್ಲ ಅಂಜನ್. ದಿನಾ ನೋಡ್ತೀನಿ ಅದನ್ನ. ಸಿಟ್ಟು ಬರುತ್ತೇನೋ ಅಂತ ನೋಡ್ತೀನಿ. ಬರಲ್ಲ. ಪ್ರೀತೀನೂ ಬರಲ್ಲ. ಅಲ್ಲಿ ಬಿಟ್ಟು ಬರಾಕೆ ಆಗಲಿಲ್ಲ, ಅಷ್ಟೇ."

"ಅದು ಇನ್ನು ಈ ಮನ್ಯಾಗೆ ಇರಂಗಿಲ್ಲ," ಎಂದ ಅಂಜನ್. "ಎಲ್ಲಿಗಾದ್ರೂ ಬಿಟ್ಟು ಬರ್ತೀನಿ. ಕೊಂಡಜ್ಜಿ ಗುಡ್ಡಕ್ಕೆ ಬಿಟ್ರೆ ಆತು."

"ಆಯ್ತು," ಎಂದಳು ಸರೋಜಾ. ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವಳು ವಾದ ಮಾಡುತ್ತಾಳೆ ಎಂದುಕೊಂಡಿದ್ದ ಅಂಜನ್ ಮುಂದೆ ಏನು ಮಾಡಬೇಕೋ ತೋಚದೆ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಉಡಚಮ್ಮ ಎಲೆ ಕೈಯಲ್ಲೇ ಹಿಡಿದು ಕೂತಿದ್ದಳು. ಅವತ್ತು ನಾಯಿಗೆ ಅನ್ನ ಹಾಕಲಿಲ್ಲ. ಆಶಾ ಹಾಕಿದಳು. ಮರುದಿನವೂ ಹಾಕಲಿಲ್ಲ. ಅಂಗಳಕ್ಕೆ ಬಂದರೆ ಮೆಟ್ಟಿಲ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ದಮ್ಮಿ ಎದ್ದು ಬಂದು ಅವಳ ಹಿಂದೆ ನಿಂತು, ಮಾತು ಬರದಿದ್ದಾಗ ಮರಳಿ ಹೋಗಿ ಮಲಗುತ್ತಿತ್ತು.

ಅಂಜನ್ ಬೈದಾಡಿದನೇ ಹೊರತು ಗುಡ್ಡಕ್ಕೆ ಬಿಡಲಿಲ್ಲ. ಅಂಗಡಿಯಿಂದ ಬಂದವನು ಮೆಟ್ಟಿಲ ಕಡೆ ನೋಡದೆ ಒಳಗೆ ಹೋಗುತ್ತಿದ್ದ. ವಾರ ಹೀಗೇ ಕಳೆಯಿತು. ಕೊನೆಗೆ ಉಡಚಮ್ಮ ಸರೋಜಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅದು ಅವನ್ನ ಕಾಯ್ತಿತ್ತಾ?"

"ಕಾಯ್ತಿತ್ತು ಅತ್ತೆ."

"ಅವನ ಕಣ್ಣು ತೆರೆದಿದ್ವಾ?"

"ತೆರೆದಿದ್ವು."

"ಹಂಗಾದ್ರೆ ಅದನ್ನ ನೋಡಿರ್ತಾನೆ," ಎಂದಳು ಉಡಚಮ್ಮ. ಆಮೇಲೆ, "ನನಗೆ ಅದನ್ನ ಇಲ್ಲಿ ಇಟ್ಕೊಳ್ಳಾಕೆ ಆಗಲ್ಲ ತಾಯಿ. ಅದರ ಕಾಲು ನೋಡಿದ್ರೆ ಅವನ ಎದಿ ನೆನಪಾಗ್ತೈತೆ. ಆದ್ರೆ ಗುಡ್ಡಕ್ಕೆ ಬಿಡಬ್ಯಾಡ್ರಿ. ಕಂಡೋರಿಗೂ ಕೊಡಬ್ಯಾಡ್ರಿ. ಭಾನುವಳ್ಳಿಗೆ ನಮ್ಮ ಕೆಂಚಿ ಹತ್ರ ಬಿಟ್ಟು ಬಾ."

ಕೆಂಚಕ್ಕ ಉಡಚಮ್ಮನ ತಂಗಿ. ಭಾನುವಳ್ಳಿಯಲ್ಲಿ ನಾಲೆಯ ಪಕ್ಕದ ಗದ್ದೆಯಲ್ಲೇ ಮನೆ ಮಾಡಿಕೊಂಡು, ಎರಡು ಎಮ್ಮೆ ಕಟ್ಟಿಕೊಂಡಿದ್ದ ಗಟ್ಟಿ ಹೆಂಗಸು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಕಳಿಸ್ರಿ. ಹಂದಿ ಓಡ್ಸಾಕೆ ಒಂದು ನಾಯಿ ಬೇಕಾಗಿತ್ತು," ಎಂದಳು.

ಅಂಜನ್‌ನ ಗೆಳೆಯ ಅಶ್ಫಾಕ್ ತನ್ನ ಲಗೇಜ್ ಆಟೋ ತಂದ. ಪಂಜರ ಹತ್ತಿಸುವಾಗ ಅಂಜನ್ ಅಂಗಡಿಯಲ್ಲಿದ್ದ. ಉಡಚಮ್ಮ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಸರೋಜಾ ಮುಂದೆ ಅಶ್ಫಾಕ್‌ನ ಪಕ್ಕ ಕೂತಳು. ಹರಿಹರ ದಾಟಿ ಹೊಳೆಯ ಗಾಳಿ ಬಡಿದಾಗ ಹಿಂದಿನಿಂದ ಕುಂಯ್ ಎಂಬ ಸದ್ದು ಬಂತು. ಊರಿಗೆ ಬಂದ ಮೇಲೆ ದಮ್ಮಿಯ ಬಾಯಿಂದ ಬಂದ ಮೊದಲ ಸದ್ದು.

"ಭಾಬಿ, ನೀರಿನ ವಾಸನೆ ಹಿಡಿದೈತೆ ಅದು," ಎಂದ ಅಶ್ಫಾಕ್.

ಕೆಂಚಕ್ಕನ ಮನೆಯ ಮುಂದೆ ಭತ್ತ ಮೊಣಕಾಲೆತ್ತರ ಹಸಿರಾಗಿತ್ತು. ನಾಲೆ ತುಂಬಿ ಹರಿಯುತ್ತಿತ್ತು. ಅಶ್ಫಾಕ್ ಪಂಜರ ಇಳಿಸಿ, ಬೇರೆ ಬಾಡಿಗೆ ಇದೆ ಎಂದು ಹೊರಟ. ಕೆಂಚಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ನಾಯಿಯನ್ನು ನೋಡಿದಳು. ಯಾರೂ ಕೇಳದ ಪ್ರಶ್ನೆ ಕೇಳಿದಳು: "ಎಮ್ಮೇನ ಕಚ್ಚಲ್ಲ ತಾನೇ?"

"ಎಮ್ಮೇನ ನೋಡಿಲ್ಲ ಸಣ್ಣತ್ತೆ ಅದು."

"ನೋಡ್ಲಿ ಬಿಡು. ಬಿಚ್ಚು ಹಗ್ಗಾನ."

ಸರೋಜಾ ಪಂಜರದ ಬಾಗಿಲು ತೆಗೆದು ನಾಯಿಯ ಹಗ್ಗ ಬಿಚ್ಚಿದಳು. ದಮ್ಮಿ ಮೈ ಕೊಡವಿತು, ಗಾಳಿಗೆ ಮೂಗೆತ್ತಿತು, ಮರುಗಳಿಗೆಯಲ್ಲಿ ಬದುವಿನ ಮೇಲೆ ಓಡಿತು. ಸರೋಜಾ ಕರೆಯುವ ಮೊದಲೇ ನಾಲೆಗೆ ಹಾರಿತು. ದ್ವೀಪದ ನಾಯಿ, ದಿನಾ ಸಮುದ್ರದಲ್ಲಿ ಈಜಿದ್ದು. ಆದರೆ ನಾಲೆಯ ನೀರು ಅಲೆಯ ಹಾಗೆ ದಡಕ್ಕೆ ತಂದು ಬಿಡುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಎರಡೂ ಕಡೆ ಕಾಂಕ್ರೀಟಿನ ಇಳಿಜಾರು, ಪಾಚಿ. ದಮ್ಮಿ ಉಗುರು ಊರಲು ನೋಡಿತು, ಜಾರಿತು, ಮತ್ತೆ ನೋಡಿತು, ಮತ್ತೆ ಜಾರಿತು. ಕರಿ ತಲೆ ಕೆಳಗೆ ಹೋಗಿ ಮೇಲೆ ಬಂತು. ಮುಂದೆ ಸೇತುವೆಯ ಕೆಳಗೆ ತೂಬು ಇತ್ತು.

ಸರೋಜಾ ಓಡಿದಳು. ಚಪ್ಪಲಿ ಎಲ್ಲೋ ಬಿದ್ದವು. "ದಮ್ಮೀ! ಈ ಕಡೆ! ಈ ಕಡೆ ಬಾರೇ!" ಎಂದು ಕಿರುಚಿದಳು. ಎಷ್ಟು ಜೋರಾಗಿ ಕಿರುಚಿದಳೆಂದರೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಎದ್ದು ನಿಂತರು. ಸೇತುವೆಯ ಹತ್ತಿರ ಬಟ್ಟೆ ಒಗೆಯುವ ಮೆಟ್ಟಿಲಿತ್ತು. ಅವಳು ಅದರ ಮೇಲೆ ಮೊಣಕಾಲೂರಿ, ಒಂದು ಕೈಯಲ್ಲಿ ಮೆಟ್ಟಿಲಿಗೆ ಹೂಡಿದ್ದ ಕಬ್ಬಿಣದ ಬಳೆ ಹಿಡಿದು, ಇನ್ನೊಂದನ್ನು ನೀರಿಗೆ ಚಾಚಿದಳು. ನಾಯಿ ದನಿಯ ಕಡೆಗೆ ತಿರುಗಿತು. ಕೊರಳಪಟ್ಟಿ ಅವಳ ಬೆರಳಿಗೆ ಸಿಕ್ಕಿತು. ಹಿಂದಿನಿಂದ ಓಡಿ ಬಂದ ಕೆಂಚಕ್ಕ ಅವಳ ಸೊಂಟ ಹಿಡಿದುಕೊಂಡಳು. ಇಬ್ಬರೂ ಸೇರಿ ಎಳೆದರು.

ಮೇಲೆ ಬಂದ ದಮ್ಮಿ ಕೆಮ್ಮಿ ನೀರು ಕಾರಿತು. ಸರೋಜಾ ಅದರ ಕುತ್ತಿಗೆ ಹಿಡಿದು ಅಲುಗಾಡಿಸಿದಳು.

"ಹೇಳ್ದೆ ಕೇಳ್ದೆ ಹಂಗೇ ಹೋಗಿಬಿಡ್ತೀಯೇನು? ಹಾಂ? ನಾನೊಬ್ಬಳು ಇದ್ದೀನಿ ಅಂತ ನೆನಪಿಲ್ಲೇನು? ಅನ್ನ ಹಾಕಿ ಬರ್ತೀನಿ ಅಂತ ಹೋಗಾದು, ಬಿದ್ದುಬಿಡಾದು! ನಾನು ಒಲೆ ಮುಂದೆ ಕಾಯ್ತಾ ನಿಂತಿರಬೇಕೇನು?"

ಮಾತು ನಿಂತ ಮೇಲೂ ಅವಳ ಬಾಯಿ ಅಲುಗುತ್ತಿತ್ತು. ಕೆಂಚಕ್ಕ ಗದ್ದೆಯಲ್ಲಿ ನಿಂತು ನೋಡುತ್ತಿದ್ದವರಿಗೆ ಕೈ ಬೀಸಿ ಕೆಲಸ ನೋಡಿಕೊಳ್ಳುವಂತೆ ಹೇಳಿದಳು. ತನ್ನ ಸೆರಗಿನಿಂದ ಮೊದಲು ಸರೋಜಾಳ ಮುಖ ಒರೆಸಿದಳು, ಆಮೇಲೆ ನಾಯಿಯದು.

ಮನೆಗೆ ಬಂದ ಮೇಲೆ ಕೆಂಚಕ್ಕ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು ಬಡಿಸಿದಳು. ಸರೋಜಾ ಒಂದು ರೊಟ್ಟಿ ತಿಂದು, ಇನ್ನೊಂದು ತಿಂದು, ಬುಟ್ಟಿಯ ಕಡೆ ನೋಡಿದಳು.

"ಇನ್ನೊಂದು ಕೊಡ್ರಿ ಸಣ್ಣತ್ತೆ. ಭಾಳ ಹಸಿವಾಗೈತೆ."

ತಿಂದು ಕೈ ತೊಳೆದವಳು ಗೋಡೆಗೆ ಒರಗಿದಲ್ಲೇ ನಿದ್ದೆ ಹೋದಳು. ಎದ್ದಾಗ ಬಿಸಿಲು ಇಳಿದಿತ್ತು. ದಮ್ಮಿ ಕೊಟ್ಟಿಗೆಯ ಬಾಗಿಲಲ್ಲಿ ಎಮ್ಮೆಯನ್ನು ನೋಡುತ್ತ ಕೂತಿತ್ತು. ಎಮ್ಮೆ ಅದನ್ನು ನೋಡುತ್ತಿತ್ತು. ಸರೋಜಾ ಹೊರಟಾಗ ಅದು ಹಿಂದೆ ಬರಲಿಲ್ಲ, ಬಾಲವನ್ನಷ್ಟೇ ಒಮ್ಮೆ ಆಡಿಸಿತು. ಅವಳು ಹರಿಹರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಎದೆಯಲ್ಲಿ ಹಗುರ ಅನ್ನುವಂಥದ್ದೇನೂ ಇರಲಿಲ್ಲ. ಮೊಣಕಾಲು ತರಚಿದ್ದು ಉರಿಯುತ್ತಿತ್ತು, ಅದು ಚೆನ್ನಾಗಿ ಗೊತ್ತಾಗುತ್ತಿತ್ತು.

ಅಕ್ಟೋಬರಿನಲ್ಲಿ ಅವಳಿಗೆ ದಾವಣಗೆರೆಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ರಜೆಯ ದಿನ ಭಾನುವಳ್ಳಿಗೆ ಹೋಗಿ ಬರುತ್ತಿದ್ದಳು. ದಮ್ಮಿ ಒಮ್ಮೊಮ್ಮೆ ಓಡಿ ಬಂದು ಮೈಮೇಲೆ ಬೀಳುತ್ತಿತ್ತು, ಒಮ್ಮೊಮ್ಮೆ ಬದುವಿನ ಮೇಲೆ ಮಲಗಿದಲ್ಲಿಂದಲೇ ನೋಡಿ ಸುಮ್ಮನಾಗುತ್ತಿತ್ತು. ಹಂದಿ ಓಡಿಸಲು ಅದಕ್ಕೆ ಬರಲಿಲ್ಲ. ಕೆಂಚಕ್ಕ ಅದಕ್ಕಾಗಿ ದಿನಾ ಬೈಯುತ್ತಿದ್ದಳು, ದಿನಾ ಹಾಲು ಹಾಕುತ್ತಿದ್ದಳು. ಅಂಜನ್ ಆ ನಾಯಿಯ ಮಾತೆತ್ತಲಿಲ್ಲ. ಸರೋಜಾ ಎತ್ತಿದರೆ ಎದ್ದು ಹೋಗುತ್ತಿದ್ದ.

ದೀಪಾವಳಿಗೆ ಹಿರಿಯರಿಗೆ ಎಡೆ ಇಟ್ಟರು. ಅಶ್ವಥ್‌ನ ಫೋಟೋ ಮುಂದೆ ಉಡಚಮ್ಮ ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿಟ್ಟಿದ್ದಳು: ಹೋಳಿಗೆ, ಕೋಡುಬಳೆ, ಬದನೆಕಾಯಿ ಎಣ್ಣೆಗಾಯಿ. ಪೂಜೆ ಮುಗಿದ ಮೇಲೆ ಎಡೆಯದೇ ಒಂದಿಷ್ಟನ್ನು ಬಾಳೆಲೆಯಲ್ಲಿ ಕಟ್ಟಿ ತಂದು ಸರೋಜಾಳ ಕೈಗಿತ್ತಳು.

"ನಾಳೆ ಭಾನುವಳ್ಳಿಗೆ ಹೋಗ್ತೀಯಲ್ಲ, ತಗೊಂಡು ಹೋಗು," ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಮರುದಿನ ಸರೋಜಾ ಕೊಟ್ಟಿಗೆಯ ಮುಂದೆ ಎಲೆ ಬಿಚ್ಚಿಟ್ಟಳು. ದಮ್ಮಿ ಎಲ್ಲವನ್ನೂ ಮೂಸಿತು. ಕೋಡುಬಳೆ ಕಡಿದು ತಿಂದಿತು. ಹೋಳಿಗೆಯ ತುಪ್ಪವನ್ನು ನೆಕ್ಕಿ, ಹೋಳಿಗೆಯನ್ನು ಅಲ್ಲೇ ಬಿಟ್ಟು ಹೋಯಿತು. ಉಳಿದದ್ದನ್ನು ಕೆಂಚಕ್ಕ ಎಮ್ಮೆಯ ಬಾನಿಗೆ ಹಾಕಿದಳು.

ಸಂಜೆ ಮನೆಗೆ ಬಂದಾಗ ಉಡಚಮ್ಮ ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಉಂಡಿತಾ?"

"ಉಂಡಿತು ಅತ್ತೆ."

ಉಡಚಮ್ಮ ಒಂದು ಕಲ್ಲು ಆರಿಸಿ ಆಚೆ ಎಸೆದಳು. ಸರೋಜಾ ಚೀಲ ಒಳಗಿಟ್ಟು ಬಂದು, ಮೊರದ ಇನ್ನೊಂದು ಬದಿಗೆ ಕೂತು, ತಾನೂ ಆರಿಸತೊಡಗಿದಳು.